ಸೆಕೆಂಡ್ ಮುಳ್ಳು ನುಣ್ಣಗೆ ಜಾರಿದರೆ ವಾಚ್ ಅಸಲಿಯೇ?

‘ಸೆಕೆಂಡ್ ಮುಳ್ಳು ಟಿಕ್ ಟಿಕ್ ಎಂದು ಹಾರಿದರೆ ರೋಲೆಕ್ಸ್ ನಕಲಿ, ನುಣ್ಣಗೆ ಜಾರಿದರೆ ಅಸಲಿ’ ಎಂಬ ಮಾತನ್ನು ನೀವೂ ಕೇಳಿರಬಹುದು. ಮೊದಲ ಬಾರಿ ದುಬಾರಿ ಸೆಕೆಂಡ್ ಹ್ಯಾಂಡ್ ವಾಚ್ ಕೊಳ್ಳುವವರು ಇದನ್ನೇ ನಂಬಿದರೆ ಲಕ್ಷಾಂತರ ರೂಪಾಯಿ ಕಳೆದುಕೊಳ್ಳಬಹುದು. ಇದು ಎಷ್ಟು ನಿಜ? ನೋಡೋಣ.

ಸಾಮಾನ್ಯ ಬ್ಯಾಟರಿ ವಾಚಿನ ಮುಳ್ಳು ಸೆಕೆಂಡಿಗೊಮ್ಮೆ ಹಾರುತ್ತದೆ. ಸ್ಪ್ರಿಂಗ್‌ನಿಂದ ನಡೆಯುವ ಮೆಕ್ಯಾನಿಕಲ್ ವಾಚಿನಲ್ಲಿ ಪುಟ್ಟ ಚಕ್ರವೊಂದು ಅತ್ತಿತ್ತ ತೂಗುತ್ತದೆ. ಪ್ರತಿ ಸಲ ತೂಗಿದಾಗಲೂ ಮುಳ್ಳು ಒಂದು ಸಣ್ಣ ಹೆಜ್ಜೆ ಇಡುತ್ತದೆ. ಇಂದಿನ ಬಹುತೇಕ ರೋಲೆಕ್ಸ್‌ಗಳಲ್ಲಿ ಸೆಕೆಂಡಿಗೆ 8 ಹೆಜ್ಜೆ, ನಮ್ಮ ಎಚ್‌ಎಂಟಿ ಜನತಾದಲ್ಲಿ 5. ಹೆಜ್ಜೆ ಹೆಚ್ಚಿದಷ್ಟೂ ಮುಳ್ಳು ಜಾರಿದಂತೆ ಕಾಣುತ್ತದೆ.

ಆದರೆ ನಕಲಿ ವಾಚಿನೊಳಗೂ ಅಗ್ಗದ ಮೆಕ್ಯಾನಿಕಲ್ ಯಂತ್ರ ಕೂರಿಸಬಹುದು. ಆಗ ಅದರ ಮುಳ್ಳೂ ಜಾರುತ್ತದೆ. ಇನ್ನೊಂದೆಡೆ, 1977ರಲ್ಲಿ ರೋಲೆಕ್ಸ್ ಕಂಪನಿಯೇ ‘ಆಯ್ಸ್ಟರ್‌ಕ್ವಾರ್ಟ್ಜ್’ ಎಂಬ ಬ್ಯಾಟರಿ ವಾಚ್ ತಂದಿತ್ತು. ಅದರ ಮುಳ್ಳು ಹಾರುತ್ತದೆ, ಆದರೂ ಅದು ಅಸಲಿ!

ಹಾಗಾದರೆ ಏನು ಮಾಡಬೇಕು?

• ಹಣ ಕೊಡುವ ಮುನ್ನ ಪರಿಣತ ವಾಚ್ ರಿಪೇರಿಗಾರರಿಂದ ಹಿಂಬದಿ ಮುಚ್ಚಳ ತೆಗೆಸಿ, ಒಳಗಿನ ಯಂತ್ರ ಪರೀಕ್ಷಿಸಿ.
• ವಾಚಿನ ಮೇಲಿನ ಸೀರಿಯಲ್ ನಂಬರನ್ನು ಕಾರ್ಡಿನೊಂದಿಗೆ ಹೋಲಿಸಿ. ಕಾರ್ಡನ್ನೂ ನಕಲು ಮಾಡಬಹುದು, ಹಾಗಾಗಿ ಅದೊಂದೇ ಸಾಲದು.
• ಡಯಲ್‌ಗೆ ಹೊಸದಾಗಿ ಬಣ್ಣ ಬಳಿದಿದ್ದಾರೆಯೇ ನೋಡಿ. ಬಳಿದಿದ್ದರೆ ಸಂಗ್ರಹಕಾರರು ಸಾಮಾನ್ಯವಾಗಿ ಕಡಿಮೆ ಬೆಲೆ ಕೊಡುತ್ತಾರೆ.
• ಬಿಲ್ ಮತ್ತು ವಾಪಸಾತಿಯ ಷರತ್ತು ಬರಹದಲ್ಲಿರಲಿ.

ಒಟ್ಟಿನಲ್ಲಿ, ಈ ಮಾತು ಅರ್ಧಸತ್ಯ. ಮುಳ್ಳಿನ ಓಟ ಒಳಗೆ ಯಾವ ಬಗೆಯ ಯಂತ್ರವಿದೆ ಎಂಬ ಸುಳಿವು ಕೊಡುತ್ತದೆ, ಅದನ್ನು ಮಾಡಿದವರು ಯಾರೆಂದು ಹೇಳುವುದಿಲ್ಲ. ಈ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ, ಇದನ್ನೂ ಜೊತೆಗೆ ಕಳುಹಿಸಿ.