ಪುಟ್ಟ ಕೀಬೋರ್ಡ್ ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆ

"ಗೇಮ್ ಆಡೋಕೆ ಪುಟ್ಟ ಮೆಕ್ಯಾನಿಕಲ್ ಕೀಬೋರ್ಡೇ ಬೇಕು" ಎಂದು ಮೊಮ್ಮಕ್ಕಳ ಹಟ. "ಇರೋದಕ್ಕೇನಾಗಿದೆ?" ಎಂದು ಅಜ್ಜನ ಪ್ರಶ್ನೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಇದು ಕೆಲವು ಸಾವಿರ ರೂಪಾಯಿಯ ವ್ಯವಹಾರ. ಹಾಗಾಗಿ ಕೊಳ್ಳುವ ಮುನ್ನ ಎರಡು ತಲೆಮಾರಿನವರೂ ಒಟ್ಟಿಗೆ ಕುಳಿತು ಪರೀಕ್ಷಿಸುವುದು ಒಳ್ಳೆಯದು.

ಕಾಣೆಯಾದ 43 ಕೀಲಿಗಳು

ಪೂರ್ಣ ಅಳತೆಯ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 104 ಕೀಲಿಗಳಿರುತ್ತವೆ. 'ಅರವತ್ತು ಪರ್ಸೆಂಟ್' ಎಂದು ಕರೆಯುವ ಪುಟ್ಟದರಲ್ಲಿ ಇರುವುದು 61. ಬಲಬದಿಯ ಅಂಕಿಗಳ ಗುಂಪು, ಬಾಣದ ಕೀಲಿಗಳು, ಎಫ್1ರಿಂದ ಎಫ್12ರವರೆಗಿನ ಮೇಲಿನ ಸಾಲು ಇದರಲ್ಲಿಲ್ಲ. ಆ ಕೆಲಸಗಳಲ್ಲಿ ಹೆಚ್ಚಿನವನ್ನು 'ಎಫ್‌ಎನ್' ಕೀಲಿಯ ಜೊತೆ ಇನ್ನೊಂದನ್ನು ಒತ್ತಿ ಮಾಡಿಕೊಳ್ಳಬೇಕು.

ಕೀಲಿ ಉಳಿಸುವ ಜಾಣತನ ಹೊಸದೇನಲ್ಲ. ಟೈಪ್‌ರೈಟಿಂಗ್ ಕಲಿತ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ. ಹಳೆಯ ಎಷ್ಟೋ ಯಂತ್ರಗಳಲ್ಲಿ 1 ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ 'ಎಲ್' ಅಕ್ಷರವನ್ನೇ ಒತ್ತುತ್ತಿದ್ದರು!

ಆಟಗಾರರಿಗೆ ಪುಟ್ಟದು ಏಕೆ ಇಷ್ಟ? ಅನೇಕ ಆಟಗಳಲ್ಲಿ ಎಡಗೈ ಡಬ್ಲ್ಯು, ಎ, ಎಸ್, ಡಿ ಕೀಲಿಗಳ ಮೇಲಿದ್ದರೆ ಬಲಗೈ ಮೌಸ್ ಮೇಲಿರುತ್ತದೆ. ಅಂಕಿಗಳ ಗುಂಪು ಇಲ್ಲದಿದ್ದರೆ ಮೌಸ್ ಓಡಾಡಲು ಜಾಗ ಸಿಗುತ್ತದೆ, ಎರಡೂ ಕೈಗಳು ಹತ್ತಿರವಿರುತ್ತವೆ. ನಿಜವಾದ ಲಾಭ ಇಷ್ಟೇ.

ಒಳಗೇನಿದೆ?

ಸಾಮಾನ್ಯ ಕೀಬೋರ್ಡಿನ ಕೀಲಿಗಳ ಕೆಳಗೆ ರಬ್ಬರಿನ ಹಾಳೆ ಇರುತ್ತದೆ. ಅಕ್ಷರ ಮೂಡಲು ಕೀಲಿಯನ್ನು ಹೆಚ್ಚುಕಡಿಮೆ ತಳದವರೆಗೆ ಒತ್ತಬೇಕು. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗ್ ಇರುವ ಬೇರೆಯೇ ಸ್ವಿಚ್. ಜರ್ಮನಿಯ ಚೆರ್ರಿ ಕಂಪನಿಯ ಹೆಸರಾಂತ ಕೆಂಪು ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆ, ಆದರೆ 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡುತ್ತದೆ.

ಪರೀಕ್ಷೆ 1: ನಾಣ್ಯ. ಆ ಕೆಂಪು ಸ್ವಿಚ್ಚಿಗೆ ಬೇಕಾದ ಒತ್ತಡ ಸುಮಾರು 45 ಗ್ರಾಂ ತೂಕದಷ್ಟು. 2011ರಲ್ಲಿ ಬಂದ ಮಾದರಿಯ 1 ರೂಪಾಯಿ ನಾಣ್ಯ ಸುಮಾರು 3.8 ಗ್ರಾಂ ತೂಗುತ್ತದೆ. ಒಂದು ಕೀಲಿಯ ಮೇಲೆ ಒಂದೊಂದಾಗಿ ಪೇರಿಸುತ್ತ ಹೋಗಿ. ಹನ್ನೆರಡರ ಆಸುಪಾಸಿನಲ್ಲಿ ಅಕ್ಷರ ಮೂಡಬೇಕು. ಮನೆಯ ಹಳೆಯ ಕೀಬೋರ್ಡಿನಲ್ಲೂ ಇದನ್ನೇ ಮಾಡಿ, ಲೆಕ್ಕ ಹೋಲಿಸಿ. ಕಡಿಮೆ ನಾಣ್ಯ ಸಾಕಾದರೆ ಬೆರಳಿಗೆ ಶ್ರಮ ಕಡಿಮೆ. ಆದರೆ ತೀರಾ ಹಗುರವಾದರೆ ಕೈ ತಾಗಿದರೂ ಅಕ್ಷರ ಮೂಡೀತು.

ಪರೀಕ್ಷೆ 2: ಸದ್ದು. ಸಾಮಾನ್ಯವಾಗಿ ಕೆಂಪು ಸ್ವಿಚ್ ನಯವಾಗಿ ಇಳಿಯುತ್ತದೆ. ಕಂದು ಸ್ವಿಚ್ಚಿನಲ್ಲಿ ನಡುವೆ ಸಣ್ಣ ಉಬ್ಬೊಂದು ಬೆರಳಿಗೆ ತಿಳಿಯುತ್ತದೆ. ನೀಲಿಯದು ಟಿಕ್ ಟಿಕ್ ಎಂದು ಟೈಪ್‌ರೈಟರನ್ನೇ ನೆನಪಿಸುತ್ತದೆ. ಒಬ್ಬರು ಒತ್ತಲಿ, ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ ಕಿವಿಗೊಡಲಿ. ಅಜ್ಜಿಯ ನಿದ್ದೆ ಕೆಡಿಸುವ ಕೀಬೋರ್ಡ್ ಎಷ್ಟು ಚೆನ್ನಾಗಿದ್ದರೇನು?

ಪರೀಕ್ಷೆ 3: ಗುಂಪು ಒತ್ತು. ಓಡುತ್ತ, ತಿರುಗುತ್ತ, ಜಿಗಿಯುವಾಗ ಮೂರು ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ಅಗ್ಗದ ಕೆಲವು ಕೀಬೋರ್ಡುಗಳು ಆಗ ಒಂದನ್ನು ನುಂಗಿಬಿಡುತ್ತವೆ. ಎರಡೂ ಶಿಫ್ಟ್ ಕೀಲಿಗಳನ್ನು ಒತ್ತಿ ಹಿಡಿದು ಎ ಇಂದ ಝಡ್‌ವರೆಗೆ ಬೇರೆಯವರಿಂದ ಟೈಪ್ ಮಾಡಿಸಿ. ಪರದೆಯ ಮೇಲೆ ಯಾವ ಅಕ್ಷರಗಳು ಬರಲಿಲ್ಲ, ಎಣಿಸಿ. ನಡುವೆ ಏನಾದರೂ ಕೇಳುವ ಪೆಟ್ಟಿಗೆ ತೆರೆದರೆ 'ನೋ' ಒತ್ತಿ. ಹಳೆಯ ಕೀಬೋರ್ಡೇ ಇದರಲ್ಲಿ ಪಾಸಾದರೆ, ಹೊಸದು ಬೇಕೆನ್ನಲು ಒಂದು ಕಾರಣ ಕಡಿಮೆಯಾಯಿತು.

ಪರೀಕ್ಷೆ 4: ಮನೆಪಾಠ. ಇದೇ ಮುಖ್ಯ. ಆಟ ಮುಗಿದ ಮೇಲೂ ಕೀಬೋರ್ಡಿಗೆ ಕೆಲಸವಿರುತ್ತದೆ. ಒಂದು ಪುಟ ಕನ್ನಡ ಟೈಪ್ ಮಾಡಿ ನೋಡಿ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ವಿನ್ಯಾಸಕ್ಕೆ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳು ಮತ್ತು ಶಿಫ್ಟ್ ಇದ್ದರೆ ಸಾಕು. ಪುಟ್ಟ ಕೀಬೋರ್ಡಿನಲ್ಲಿ ಅಷ್ಟೂ ಇವೆ. ಬರೆಯಲು ತೊಡಕಿಲ್ಲ. ತೊಡಕು ಬರುವುದು ತಿದ್ದುವಾಗ. ಬಾಣದ ಕೀಲಿಗಳಿಲ್ಲದೆ ಒಂದು ಅಕ್ಷರ ಹಿಂದೆ ಹೋಗುವುದಕ್ಕೂ ಎರಡು ಕೀಲಿ ಒತ್ತಬೇಕು.

ಹಾಗಾದರೆ ಯಾವುದು?

ಆಟಕ್ಕೆಂದೇ ಬೇರೆ ಕಂಪ್ಯೂಟರ್ ಇದ್ದರೆ 61 ಕೀಲಿಯದು ಸಾಕು. ಪಾಠ, ಆಟ ಎರಡೂ ಒಂದರಲ್ಲೇ ಎನ್ನುವ ಮನೆಗೆ 'ಅರವತ್ತೈದು ಪರ್ಸೆಂಟ್' ವಾಸಿ. ಅದು ತುಸು ಅಗಲ, ಆದರೆ ಬಾಣದ ಕೀಲಿಗಳು ಉಳಿದಿರುತ್ತವೆ. ಸ್ವಿಚ್ ಕೆಟ್ಟರೆ ಬೆಸುಗೆಯಿಲ್ಲದೆ ಕಿತ್ತು ಬೇರೆ ಹಾಕುವ ಸೌಲಭ್ಯ ಇದೆಯೇ ಎಂದೂ ಅಂಗಡಿಯಲ್ಲಿ ಕೇಳಿ. ಬಣ್ಣದ ದೀಪಕ್ಕಿಂತ ಅದು ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

1996ರಲ್ಲಿ ಜಪಾನಿನಲ್ಲಿ ಹೆಸರುವಾಸಿಯಾದ ಪುಟ್ಟ ಕೀಬೋರ್ಡೊಂದು ಹೊರಬಂತು. ಅದರ ಹಿಂದಿದ್ದ ಪ್ರಾಧ್ಯಾಪಕ ಎಯಿತಿ ವಾದಾ ಅವರು ಕೀಬೋರ್ಡನ್ನು ಕುದುರೆಯ ಜೀನಿಗೆ ಹೋಲಿಸಿದ್ದರು. ಕುದುರೆ ಬದಲಾದರೂ ಸವಾರ ತನಗೆ ಒಗ್ಗಿದ ಜೀನನ್ನು ಬಿಡುವುದಿಲ್ಲವಂತೆ. ಆದ್ದರಿಂದ ಗೆಳೆಯನ ಬಳಿ ಇರುವುದನ್ನಲ್ಲ, ನಿಮ್ಮ ಕೈಗೆ ಒಗ್ಗುವುದನ್ನು ಆರಿಸಿ.

ಹೊಸದು ಬಂತೆಂದು ಹಳೆಯದನ್ನು ಗುಜರಿಗೆ ಹಾಕಬೇಡಿ. ಅಜ್ಜನ ತಿಂಗಳ ಲೆಕ್ಕಕ್ಕೆ ಆ ಅಂಕಿಗಳ ಗುಂಪು ಬೇಕೇ ಬೇಕು!