ತುತ್ತು ಇಳಿಯದಿದ್ದರೆ ಕೊರಳಿನ ಎಲುಬನ್ನೂ ನೋಡಬೇಕು

ಮನೆಯ ಹಿರಿಯರು "ತುತ್ತು ಗಂಟಲಲ್ಲೇ ನಿಲ್ಲುತ್ತದೆ" ಎಂದಾಗ, ಅದು ಮುಪ್ಪಿನ ಸಹಜ ಲಕ್ಷಣವೆಂದು ಅಲಕ್ಷಿಸುವವರು ಕೆಲವರು. ಕ್ಯಾನ್ಸರೇ ಇರಬೇಕೆಂದು ಧೃತಿಗೆಡುವವರು ಇನ್ನು ಕೆಲವರು. ಇವೆರಡೂ ಸಲ್ಲವು. ನುಂಗುವ ಕಷ್ಟಕ್ಕೆ ಕಾರಣಗಳು ಹಲವು. ಕೊರಳಿನ ಬೆನ್ನೆಲುಬಿನಲ್ಲಿ ಎಲುಬು ಅತಿಯಾಗಿ ಬೆಳೆಯುವುದು ಅವುಗಳಲ್ಲಿ ಒಂದು, ಅಪರೂಪವಾದರೂ ತಿಳಿದಿರಬೇಕಾದುದು.

ಕೊರಳಿನಲ್ಲಿ 7 ಬೆನ್ನುಮಣಿಗಳಿವೆ. ಅವುಗಳ ಮುಂದೆಯೇ ಗಂಟಲು ಇಳಿದು, 6ನೆಯ ಮಣಿಯ ಮಟ್ಟದಲ್ಲಿ ಅನ್ನನಾಳವಾಗುತ್ತದೆ. ಮಣಿಗಳ ಮುಂಭಾಗವನ್ನು ಬಿಗಿದಿಟ್ಟ ಪಟ್ಟಿಯಂತಹ ನಾರು ಕೆಲವರಲ್ಲಿ ಕ್ರಮೇಣ ಎಲುಬಾಗಿ ಮಾರ್ಪಡುತ್ತದೆ. ಹೀಗೆ ಉಬ್ಬಿದ ಎಲುಬು ಅನ್ನದ ದಾರಿಯನ್ನು ಹಿಂದಿನಿಂದ ಒತ್ತುತ್ತದೆ.

1950ರಲ್ಲಿ ಫಾರೆಸ್ಟಿಯೇ ಮತ್ತು ರೊಟೆಸ್-ಕೆರೊಲ್ ಎಂಬ ವೈದ್ಯರು ಈ ವ್ಯಾಧಿಯನ್ನು ವಿವರಿಸಿದರು. ಆದುದರಿಂದ ಇದಕ್ಕೆ ಫಾರೆಸ್ಟಿಯೇ ವ್ಯಾಧಿ ಎಂಬ ಹೆಸರು ಬಂದಿತು. ಇಂದು 'ಡಿಶ್' ಎಂದೂ ಕರೆಯುವರು. ಒಂದಕ್ಕೊಂದು ತಾಗಿದ ಕನಿಷ್ಠ 4 ಮಣಿಗಳ ಮೇಲೆ ಎಲುಬು ಹರಿದು ಬೆಸೆದಿರುವುದು ಇದರ ಮುಖ್ಯ ಗುರುತು. 50 ವರ್ಷ ದಾಟಿದವರಲ್ಲಿ, ಸ್ತ್ರೀಯರಿಗಿಂತ ಪುರುಷರಲ್ಲಿ, ಮಧುಮೇಹ ಹಾಗೂ ಸ್ಥೂಲಕಾಯ ಉಳ್ಳವರಲ್ಲಿ ಇದು ಹೆಚ್ಚು. ಮೂಲ ಕಾರಣ ಇನ್ನೂ ಸ್ಪಷ್ಟವಾಗಿಲ್ಲ. ಅನೇಕರಿಗೆ ಇದರಿಂದ ಯಾವ ಬಾಧೆಯೂ ಇರುವುದಿಲ್ಲ.

ಬಾಧೆ ತೋರಿದವರಿಗೆ ಮೊದಲು ಗಟ್ಟಿ ಆಹಾರವೇ ಕಷ್ಟವಾಗುತ್ತದೆ. ರೊಟ್ಟಿ ಇಳಿಯದು, ಗಂಜಿ ಇಳಿಯುವುದು. ಧ್ವನಿ ಒಡೆಯಬಹುದು. ಆಹಾರ ಶ್ವಾಸನಾಳಕ್ಕೆ ಜಾರಿದರೆ ನ್ಯುಮೋನಿಯಾ ಆಗುವ ಭಯವುಂಟು. ಊಟ ತಗ್ಗಿ ದೇಹ ಸೊರಗುವುದು.

ಕೊರಳನ್ನು ಪಕ್ಕದಿಂದ ತೆಗೆದ ಎಕ್ಸ್-ರೇ, ಬೇರಿಯಂ ನುಂಗಿಸಿ ಮಾಡುವ ಪರೀಕ್ಷೆ ಮತ್ತು ಸಿ.ಟಿ. ಸ್ಕ್ಯಾನ್ ಇದನ್ನು ತೋರಿಸಿಕೊಡುತ್ತವೆ. ಆದರೆ ಎಲುಬು ಕಂಡಿತೆಂದು ಅಲ್ಲಿಗೇ ನಿಲ್ಲಬಾರದು. ಅನ್ನನಾಳದ ಕ್ಯಾನ್ಸರ್ ಮೊದಲಾದ ರೋಗಗಳಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ಮೃದುವಾದ ಆಹಾರ, ಸಣ್ಣ ತುತ್ತು, ನೆಟ್ಟಗೆ ಕುಳಿತು ನಿಧಾನವಾಗಿ ಉಣ್ಣುವುದು, ವೈದ್ಯರು ಕೊಟ್ಟ ಬಾವು ಇಳಿಸುವ ಔಷಧಿ: ಇಷ್ಟರಿಂದಲೇ ಹಲವರಿಗೆ ಉಪಶಮನವಾಗುತ್ತದೆ. ಆಗದಿದ್ದಲ್ಲಿ ಶಸ್ತ್ರಚಿಕಿತ್ಸೆಯಿಂದ ಉಬ್ಬಿದ ಎಲುಬನ್ನು ಕೆತ್ತಿ ತೆಗೆಯುವರು. ವರ್ಷಗಳ ನಂತರ ಅದು ಮರಳಿ ಬೆಳೆಯುವುದೂ ಉಂಟು. ಈ ವ್ಯಾಧಿಯುಳ್ಳವರು ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಉಸಿರಿನ ನಳಿಕೆ ಇಳಿಸುವುದು ಇವರಲ್ಲಿ ಕಠಿಣವಾಗಬಹುದು.

ಹಿರಿಯರು ತಾವಾಗಿ ಹೇಳಿಕೊಳ್ಳುವುದು ಕಡಿಮೆ. ಎಲೆಯಲ್ಲಿ ಉಳಿದ ರೊಟ್ಟಿಯನ್ನು ಕಂಡು ಕಾರಣ ಕೇಳುವುದು ಕಿರಿಯರ ಕರ್ತವ್ಯ.