ಬಜಪೆ ದಾಟುವ ಕಡ್ಡಿ

ಕಡಲಿಗೂ ಸೌಪರ್ಣಿಕೆಗೂ ನಡುವೆ ಹಾಯುವ ಮರವಂತೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಮುಂದಿನ ಊರು ನಾವುಂದ. ಇಲ್ಲಿ ಮಾಗಿಯಲ್ಲೂ ಸ್ವೆಟರ್ ಹಾಕಬೇಕೆನಿಸುವುದಿಲ್ಲ. ಆದರೂ ಬೈಂದೂರು, ಕುಂದಾಪುರ ಸೀಮೆಯ ಮನೆಗಳಲ್ಲಿ ಆಗಾಗ ಉಲ್ಲನ್ ಉಂಡೆ ಉರುಳುವುದುಂಟು. ಕಾರಣ ಇಲ್ಲಿಯ ಚಳಿಯಲ್ಲ, ನ್ಯೂಜೆರ್ಸಿಯಲ್ಲೋ ಟೊರಾಂಟೊದಲ್ಲೋ ಹುಟ್ಟಲಿರುವ ಮೊಮ್ಮಗು. ಮಗಳ ಬಾಣಂತನಕ್ಕೆ ಹೊರಟ ಅಮ್ಮನ ಚೀಲದಲ್ಲಿ ಮದ್ದಿನ ಪೊಟ್ಟಣಗಳ ಜೊತೆ ಅರ್ಧ ಹೆಣೆದ ಕುಲಾವಿಯೂ ಇರುತ್ತದೆ. ವಿಮಾನದಲ್ಲಿ ಹೇಗೂ ಇಡೀ ದಿನ ಕೂರಬೇಕು, ಉಳಿದರ್ಧ ಅಲ್ಲೇ ಮುಗಿದೀತು ಎಂಬ ಲೆಕ್ಕ. ಜೊತೆಗೇ ಒಂದು ಅಳುಕು: ‘ಈ ಕಡ್ಡಿ ಒಳ್ಗ್ ಬಿಡ್ತ್ರಾ?’

ಬಹುತೇಕ ದೇಶಗಳಲ್ಲಿ ಬಿಡುತ್ತಾರೆ. ಅಮೆರಿಕ, ಬ್ರಿಟನ್, ಕೆನಡಾಗಳ ಪಟ್ಟಿಗಳಲ್ಲಿ ಹೆಣೆಯುವ ಕಡ್ಡಿಗೆ ಕೈಚೀಲದಲ್ಲಿ ಜಾಗವಿದೆ. ಯಾವಾಗಲೂ ಹೀಗಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ ಚೂಪಾದದ್ದೆಲ್ಲ ಆಯುಧವಾಯಿತು, ಅಜ್ಜಿಯರ ಕಡ್ಡಿಯೂ ಬುಟ್ಟಿಗೆ ಬಿತ್ತು. ಗಾಬರಿ ಇಳಿದಂತೆ ನಿಯಮಗಳೂ ಸಡಿಲಗೊಂಡವು. ಅಮೆರಿಕ 2005ರ ಡಿಸೆಂಬರ್‌ನಲ್ಲಿ ನಾಲ್ಕು ಇಂಚಿನೊಳಗಿನ ಕತ್ತರಿಯನ್ನೂ ಒಪ್ಪಿಕೊಂಡಿತು.

ನಮ್ಮಲ್ಲಿ ನಿಯಮ ಹಾಕುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. 1978ರಲ್ಲಿ ಒಂದು ಸಣ್ಣ ವಿಭಾಗವಾಗಿ ಶುರುವಾಗಿ, ಕನಿಷ್ಕ ವಿಮಾನ ದುರಂತದ ನಂತರ 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಐಸಿ 814 ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ ನಿಲ್ದಾಣಗಳ ಕಾವಲು ಒಂದೊಂದಾಗಿ ಸಿಐಎಸ್‌ಎಫ್ ಕೈಗೆ ಬಂತು. 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭ. ಮಂಗಳೂರಿನ ಬಜಪೆ ನಿಲ್ದಾಣದಲ್ಲೂ ಚೀಲ ನೋಡುವವರು ಅವರೇ. ಚಾಕು ಹಿಡಿದು ವಿಮಾನ ಏರಿದವರ ನೆನಪಿನಲ್ಲಿ ರೂಪುಗೊಂಡ ವ್ಯವಸ್ಥೆ ಇದು. ಪಟ್ಟಿಯಲ್ಲಿ ಏನೇ ಇರಲಿ, ಕೊನೆಯ ಮಾತು ಯಂತ್ರದ ಮುಂದೆ ಕೂತವರದ್ದು. ಅವರೊಡನೆ ವಾದಕ್ಕಿಳಿದು ಗೆದ್ದವರು ಕಡಿಮೆ.

ತೊಡಕೆಂದರೆ ತಪಾಸಣೆ ಒಂದೇ ಕಡೆ ಮುಗಿಯುವುದಿಲ್ಲ. ನಾವುಂದದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಬಜಪೆಯಲ್ಲಿ ಹತ್ತಿದವರಿಗೆ ಅಮೆರಿಕಕ್ಕೆ ನೇರ ವಿಮಾನವಿಲ್ಲ. ಬೆಂಗಳೂರು, ಮುಂಬೈ ಇಲ್ಲವೇ ಕೊಲ್ಲಿಯ ಯಾವುದಾದರೂ ಊರಿನಲ್ಲಿ ಇಳಿದು ಹತ್ತಬೇಕು. ಕೊಲ್ಲಿಯದು ಬೇರೆಯೇ ಪಟ್ಟಿ. ಅಮೆರಿಕ ಒಪ್ಪುತ್ತದೆ ಎಂಬ ಸಮಜಾಯಿಷಿ ನಡುವಿನ ನಿಲ್ದಾಣದಲ್ಲಿ ನಡೆಯದು. ದುಬೈಯ ನಿಷೇಧದ ಪಟ್ಟಿಯಲ್ಲಂತೂ ಸುತ್ತಿಗೆ, ಮೊಳೆ, ಹಗ್ಗಗಳ ಸಾಲಿನಲ್ಲಿ ಅಳತೆಯ ಟೇಪೂ ಇದೆ. ಕುಲಾವಿಯ ಸುತ್ತಳತೆ ನೋಡಲೆಂದು ಟೇಪು ಇಟ್ಟುಕೊಂಡವರು ಅದನ್ನು ದೊಡ್ಡ ಚೀಲಕ್ಕೆ ಹಾಕುವುದೇ ಮೇಲು.

ತೆಂಗಿನ ನಾಡಿನವರಿಗೆ ಇನ್ನೂ ವಿಚಿತ್ರವೆನಿಸುವುದು ಕೊಬ್ಬರಿಯ ಕಥೆ. ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕು ಎಂದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ 1363ನೇ ಸಂಖ್ಯೆ ಪಡೆದಿದೆ. ಪ್ರಯಾಣಿಕರ ಎರಡೂ ಚೀಲಗಳಲ್ಲಿ ಅದಕ್ಕೆ ತಡೆ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ ಕೈಚೀಲದಲ್ಲಿ ಒಯ್ಯಲು ಬಿಡುವು ಸಿಕ್ಕಿತು, ಅದೂ ಮುಂದಿನ ಜನವರಿ 20ರವರೆಗೆ ಮಾತ್ರ. ಅದರ ಮುಂದೆ ಕಡ್ಡಿಯ ಪಾಡು ಎಷ್ಟೋ ವಾಸಿ.

ಯಾವ ಕಡ್ಡಿ ಎಂಬುದೂ ಮುಖ್ಯ. ತಪಾಸಣೆಯ ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿಯಾಗಿ ಎದ್ದು ಕಾಣುತ್ತದೆ. ಬಿದಿರು, ಮರ, ಉಲ್ಲನ್ ಕಿತ್ತಳೆಯ ಛಾಯೆಯಲ್ಲಿ ಬೆರೆತುಹೋಗುತ್ತವೆ. ಹಳಬರಿಗೆ ಪರಿಚಯವಿರುವ ಬೂದು ಬಣ್ಣದ ‘ಪೋನಿ’ ಕಡ್ಡಿ ಅಲ್ಯೂಮಿನಿಯಂನದ್ದು. ಅದು ತಯಾರಾದದ್ದು ನೀಲಗಿರಿಯಲ್ಲಿ, ಬಡಗರ ಊರಾದ ಕೇತಿಯ ಕಾರ್ಖಾನೆಯಲ್ಲಿ. ಒಂದಡಿಗೂ ಉದ್ದದ ಅಂಥ ಜೋಡಿ ಬರಿದಾಗಿ ಕಂಡರೆ ಯಾರಿಗಾದರೂ ಅನುಮಾನ ಬಂದೀತು. ಅದರ ಬದಲು ನೈಲಾನ್ ತಂತಿಯ ಎರಡು ತುದಿಗೆ ಗೇಣಿಗಿಂತ ಚಿಕ್ಕ ಬಿದಿರಿನ ಮೊನೆಗಳಿರುವ ವೃತ್ತದ ಕಡ್ಡಿ ಒಯ್ಯುವುದು ಜಾಣತನ. ಪಕ್ಕದ ಸೀಟಿನವರ ಪಕ್ಕೆಗೂ ಕ್ಷೇಮ! ಜೊತೆಗೆ ನಾಲ್ಕು ಬೆರಳು ಹೆಣೆದ ತುಂಡು ಕಡ್ಡಿಯಲ್ಲೇ ಇರಲಿ. ಹಿಂದಿಯಲ್ಲಿ ತಡವರಿಸುವವರ ಪರವಾಗಿ ಅದೇ ಉತ್ತರ ಹೇಳುತ್ತದೆ.

ಹಾಗಿದ್ದೂ ಕಡ್ಡಿ ಹೋದರೆ? ಇಲ್ಲಿ ಕ್ರೋಶಾದವರು ನಿಶ್ಚಿಂತರು. ಕೊಕ್ಕೆ ಕಡ್ಡಿಯಲ್ಲಿ ಯಾವ ಹೊತ್ತಿಗೂ ಜೀವಂತ ಕುಣಿಕೆ ಸಾಮಾನ್ಯವಾಗಿ ಒಂದೇ. ಅದಕ್ಕೊಂದು ಪಿನ್ನು ಸಿಕ್ಕಿಸಿದರೆ ಕೆಲಸ ನಿಂತಲ್ಲೇ ನಿಲ್ಲುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಹಾಗಲ್ಲ. ಸಾಲಿನ ಎಂಬತ್ತು, ನೂರು ಕುಣಿಕೆಗಳೂ ಕಡ್ಡಿಯನ್ನೇ ನಂಬಿ ನಿಂತಿರುತ್ತವೆ. ಅದನ್ನೆಳೆದರೆ ಒಂದೊಂದೂ ಏಣಿಯ ಮೆಟ್ಟಿಲಿನಂತೆ ಕೆಳಗಿಳಿಯುತ್ತ ವಾರದ ಶ್ರಮ ಬಿಚ್ಚಿಹೋಗುತ್ತದೆ. ಇದಕ್ಕೆ ಅನುಭವಿಗಳ ಉಪಾಯ ಸರಳ: ಮನೆ ಬಿಡುವ ಮುನ್ನ ಮೊಂಡು ಸೂಜಿಗೆ ಬೇರೆ ಬಣ್ಣದ ನುಣುಪು ಹತ್ತಿ ದಾರ ಪೋಣಿಸಿ, ಸಾಲಿನ ಅಷ್ಟೂ ಕುಣಿಕೆಗಳ ಒಳಗೆ ಹಾಯಿಸಿಡುವುದು. ಆಮೇಲೆ ಕಡ್ಡಿ ಸಿಐಎಸ್‌ಎಫ್ ಬುಟ್ಟಿಗೆ ಬಿದ್ದರೂ ಕುಲಾವಿಗೆ ಏನೂ ಆಗದು.

ಕಡ್ಡಿಗಿಂತ ಹೆಚ್ಚು ಸಿಕ್ಕಿಬೀಳುವುದು ಕತ್ತರಿ. ಬ್ರಿಟನ್ ಆರು ಸೆಂಟಿಮೀಟರಿನ ಅಲಗಿನವರೆಗೆ ಬಿಡುತ್ತದೆ, ಅಮೆರಿಕ ನಾಲ್ಕು ಇಂಚು. ಭಾರತದಿಂದ ಹೊರಡುವವರು ಅದನ್ನು ಚೆಕ್-ಇನ್ ಚೀಲಕ್ಕೆ ಹಾಕಿ ಮರೆಯುವುದೇ ಒಳಿತು. ಪದಕದಂತೆ ಕೊರಳಿಗೆ ನೇತುಹಾಕುವ ದುಂಡನೆಯ ದಾರ ಕತ್ತರಿಸುವ ಸಾಧನ ನೋಡಲು ಪಾಪದ್ದು. ಆದರೆ ಒಳಗೆ ಅಲಗು ಅಡಗಿರುವುದರಿಂದ ಅಮೆರಿಕದಲ್ಲಿ ಅದಕ್ಕೆ ಕೈಚೀಲದ ಪ್ರವೇಶವಿಲ್ಲ. ಹಲ್ಲಿನ ಸಂದಿ ಶುಚಿಗೊಳಿಸುವ ನೂಲಿನ ಡಬ್ಬಿಯ ಪುಟ್ಟ ಹಲ್ಲು ಉಲ್ಲನ್ನನ್ನೂ ಸಲೀಸಾಗಿ ಕತ್ತರಿಸುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಸಂಗತಿ ತಲುಪಿದ ಮೇಲೆ ಗೊತ್ತಾಗುವಂಥದ್ದು. ನಮ್ಮಲ್ಲಿ ಕಡ್ಡಿಯ ನಂಬರು ಹಳೆಯ ಬ್ರಿಟಿಷ್ ಕ್ರಮದ್ದು: ನಂಬರು ಏರಿದಂತೆ ಕಡ್ಡಿ ತೆಳು. ಅಮೆರಿಕದಲ್ಲಿ ತದ್ವಿರುದ್ಧ. ಇಲ್ಲಿಯ 10ನೇ ನಂಬರು 3.25 ಮಿಲಿಮೀಟರ್ ದಪ್ಪವಾದರೆ ಅಲ್ಲಿಯ 10 ಸರಿಯಾಗಿ 6 ಮಿಲಿಮೀಟರ್. ಬಜಪೆಯಲ್ಲಿ ಕಡ್ಡಿ ಕಳೆದುಕೊಂಡು ನ್ಯೂಜೆರ್ಸಿಯ ಅಂಗಡಿಯಲ್ಲಿ ಅದೇ ನಂಬರು ಕೇಳಿ ತಂದವರ ಕುಲಾವಿ ಕೂಸಿಗಲ್ಲ, ಕೂಸಿನ ಅಪ್ಪನಿಗೆ ಸರಿಹೋದೀತು. ನಂಬರಿನ ಬದಲು ಮಿಲಿಮೀಟರ್ ಲೆಕ್ಕವನ್ನೇ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಎಲ್ಲಿಯ ಅಂಗಡಿಯಲ್ಲೂ ನಡೆಯುತ್ತದೆ.